ರೇಡಿಯೋದಲ್ಲಿ ಹಾಡು ಹಾಕಿಸ್ತೀವಿ ಅಂತ ದುಡ್ಡು ಕೇಳಿದರೆ ಏನು ಮಾಡಬೇಕು?

ಹಾಸನದಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಇದೆ. ಹಾಸನಾಂಬೆ ಗುಡಿಯ ಬಾಗಿಲು ತೆಗೆಯುವ ಮುಂಚೆ ಭಕ್ತಿಗೀತೆಯವರು ಬರುತ್ತಾರೆ. ಕಾಫಿ ಕುಯ್ಲು ಮುಗಿದ ಮೇಲೆ ಸಕಲೇಶಪುರ, ಮೂಡಿಗೆರೆ ಕಡೆಯ ಹುಡುಗರು ಕೂಡಿಟ್ಟ ದುಡ್ಡು ಹಿಡಿದುಕೊಂಡು ಪ್ರೇಮಗೀತೆ ಹಾಡಲು ಬರುತ್ತಾರೆ. ಪೆನ್‌ಡ್ರೈವ್ ಕೈಗೆ ಬಿದ್ದ ಕೂಡಲೇ ಎಲ್ಲರದ್ದೂ ಒಂದೇ ಪ್ರಶ್ನೆ: ‘ಸಾರ್, ಇದು ರೇಡಿಯೋದಲ್ಲಿ ಬರಬೇಕು ಅಂದ್ರೆ ಎಷ್ಟಾಗುತ್ತೆ?’

ದುಡ್ಡು ಕೊಟ್ಟರೇನೇ ಆಗುವುದು ಅಂತ ಮೊದಲೇ ತಲೆಯಲ್ಲಿ ಕೂತುಬಿಟ್ಟಿದೆ. ಹಾಗೆ ನಂಬಿದವರನ್ನು ಹುಡುಕಿಕೊಂಡು ಬರುವವರೂ ಇದ್ದಾರೆ. ಪದೇ ಪದೇ ಹೇಳುವ ಬದಲು ಒಂದು ಸಲ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ಮೊದಲು, ಅಂಥವರು ಕಳಿಸುವ ಮೆಸೇಜನ್ನು ನಿಧಾನವಾಗಿ ಓದುವುದನ್ನು ಕಲಿಯಿರಿ. ಸಕಲೇಶಪುರದ ಒಬ್ಬ ಹುಡುಗನಿಗೆ ಬಂದಿದ್ದು ಹೀಗಿತ್ತು: ‘ರೇಡಿಯೋ ಪ್ರಮೋಷನ್ ಪ್ಯಾಕೇಜ್. 15 ದಿನ. ದಿನಕ್ಕೆ 6 ಪ್ಲೇ. ಪ್ರಮುಖ ಎಫ್‌ಎಂ. ಆರ್‌ಜೆ ಮೆನ್ಷನ್ ಫ್ರೀ. 40,000 ಮಾತ್ರ. ಅರ್ಧ ಅಡ್ವಾನ್ಸ್, ಗೂಗಲ್ ಪೇ.’ ಕೊನೆಯಲ್ಲಿ ಬೆಂಕಿಯ ಇಮೋಜಿ ಬೇರೆ.

‘ಪ್ರಮುಖ ಎಫ್‌ಎಂ’ ಅಂದರೆ ಯಾವುದು? ಹೆಸರೇ ಇಲ್ಲ. ಹೆಸರಿಲ್ಲ ಅಂದಮೇಲೆ ಸ್ಟೇಷನ್‌ಗೆ ಫೋನ್ ಮಾಡಿ ವಿಚಾರಿಸುವ ದಾರಿಯೂ ಇಲ್ಲ. ‘ದಿನಕ್ಕೆ 6 ಪ್ಲೇ’ ಯಾವ ಹೊತ್ತಿಗೆ? ರಾತ್ರಿ ಒಂದರಿಂದ ನಾಲ್ಕರ ಒಳಗೆ ಆರು ಸಲ ಹಾಕಿದರೂ ಲೆಕ್ಕ ಸರಿಯೇ, ಕೇಳುವವರು ವಾಚ್‌ಮನ್ ಮತ್ತು ಲಾರಿ ಡ್ರೈವರ್ ಅಷ್ಟೇ. ಗೂಗಲ್ ಪೇ ನಂಬರ್ ಹಾಕಿ ನೋಡಿದರೆ ಯಾರೋ ಒಬ್ಬ ವ್ಯಕ್ತಿಯ ಹೆಸರು ಬರುತ್ತಿತ್ತು, ಕಂಪನಿಯದಲ್ಲ. ಬಿಲ್ ಮಾತೇ ಇಲ್ಲ.

ಇವೆಲ್ಲ ಮೋಸದ ಲಕ್ಷಣ, ಯಾರಿಗಾದರೂ ಗೊತ್ತಾಗುತ್ತದೆ. ನನಗೆ ಜಾಸ್ತಿ ಚುಚ್ಚಿದ್ದು ‘ಆರ್‌ಜೆ ಮೆನ್ಷನ್ ಫ್ರೀ’ ಅನ್ನುವ ಸಾಲು. ಅಂದರೆ ಆರ್‌ಜೆ ಮೈಕ್ ಮುಂದೆ ಕೂತು, ‘ನನಗೆ ತುಂಬಾ ಇಷ್ಟವಾದ ಹೊಸ ಹಾಡು, ಕೇಳಿ’ ಅಂತ ತನ್ನ ಬಾಯಿಂದಲೇ ಬಂದ ಹಾಗೆ ಹೇಳುತ್ತಾನೆ. ಹಿಂದೆ ದುಡ್ಡು ಕೊಟ್ಟಿರುವುದು ಕೇಳುಗನಿಗೆ ಗೊತ್ತಾಗುವುದೇ ಇಲ್ಲ. ಪ್ಯಾಕೇಜ್ ಮೋಸದ್ದಲ್ಲ, ಹೇಳಿದ ಹಾಗೆ ನಿಜಕ್ಕೂ ಹಾಡು ಹಾಕಿಸಿಯೇಬಿಡುತ್ತಾರೆ ಅಂದುಕೊಳ್ಳಿ. ಆಗಲೂ ಈ ಸಾಲು ತಪ್ಪೇ.

ಹಾಗಾಗಿ ಯಾರೇ ದುಡ್ಡು ಕೇಳಲಿ, ನೀವು ತಿರುಗಿ ಕೇಳಬೇಕಾದ ಪ್ರಶ್ನೆ ಇದು: ‘ಹಾಡು ಬಂದಾಗ ಕೇಳುಗರಿಗೆ ಏನಂತ ಹೇಳ್ತೀರಿ?’

‘ಈ ಕಾರ್ಯಕ್ರಮದ ಪ್ರಾಯೋಜಕರು...’ ಅನ್ನುವ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ, ಅಲ್ವಾ? ಅದನ್ನು ಹೇಳಿ ಹಾಕಿದರೆ ಅದು ಜಾಹೀರಾತು. ಜಾಹೀರಾತು ಕೊಡುವುದರಲ್ಲಿ ನಾಚಿಕೆ ಏನೂ ಇಲ್ಲ. ಅದೇ ಹಾಡನ್ನು, ಅದೇ ದುಡ್ಡಿಗೆ, ಆ ಮಾತು ಹೇಳದೆ ಹಾಕಿದರೆ ಅದನ್ನೇ ಅಮೆರಿಕದಲ್ಲಿ ಪೇಯೋಲಾ ಅನ್ನುತ್ತಾರೆ.

ಅಲ್ಲಿನ ಕಥೆ ಸ್ವಲ್ಪ ತಿಳಿದಿರಲಿ, ಯಾಕೆಂದರೆ ಇಲ್ಲಿನ ಪ್ಯಾಕೇಜ್‌ಗಳೆಲ್ಲ ಅಲ್ಲಿ ಹಳತಾದ ಆಟಗಳೇ. ಅಲನ್ ಫ್ರೀಡ್ ಅಂತ ಒಬ್ಬ ಹೆಸರಾಂತ ಡಿಸ್ಕ್ ಜಾಕಿ ಇದ್ದ. ರಾಕ್ ಅಂಡ್ ರೋಲ್ ಅನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದವರಲ್ಲಿ ಒಬ್ಬ. ‘ನಾನು ರೆಕಾರ್ಡ್ ಕಂಪನಿಗಳಿಂದ ದುಡ್ಡು ತಗೊಂಡಿಲ್ಲ’ ಅಂತ ಬರೆದುಕೊಡು ಎಂದು 1959ರಲ್ಲಿ ಅವನ ಸ್ಟೇಷನ್ ಕೇಳಿತು. ಅವನು ಸಹಿ ಹಾಕಲಿಲ್ಲ, ಕೆಲಸ ಹೋಯಿತು. 1962ರಲ್ಲಿ ತಪ್ಪೊಪ್ಪಿಕೊಂಡ, ಬಿದ್ದ ದಂಡ 300 ಡಾಲರ್. ದಂಡ ಚಿಕ್ಕದೇ, ಆದರೆ ವೃತ್ತಿ ಅಲ್ಲಿಗೆ ಮುಗಿದ ಹಾಗಾಯಿತು. ಅದೇ ಗಲಾಟೆಯಲ್ಲಿ ಅಮೆರಿಕದ ಸಂಸತ್ತು 1960ರಲ್ಲಿ ಕಾನೂನು ತಿದ್ದಿತು. ದುಡ್ಡು ತಗೊಂಡು ಹಾಡು ಹಾಕಬಾರದು ಅಂತ ಆ ಕಾನೂನು ಹೇಳುವುದಿಲ್ಲ, ಗಮನಿಸಿ. ತಗೊಂಡಿದ್ದರೆ ಪ್ರಸಾರದಲ್ಲೇ ಹೇಳಬೇಕು ಅನ್ನುತ್ತದೆ. ಮುಚ್ಚಿಟ್ಟರೆ ಜೈಲೂ ಉಂಟು, ದಂಡವೂ ಉಂಟು.

ಅದಾದ ಮೇಲೆ ನಿಂತುಹೋಯಿತಾ? ಎಲ್ಲಿ! ವೇಷ ಬದಲಾಯಿತು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ (ಸರ್ಕಾರದ ಮುಖ್ಯ ವಕೀಲ) ಎಲಿಯಟ್ ಸ್ಪಿಟ್ಜರ್ ತನಿಖೆಗೆ ಇಳಿದಾಗ, 2005ರಲ್ಲಿ ಸೋನಿ ಬಿಎಂಜಿ ಅನ್ನುವ ರೆಕಾರ್ಡ್ ಕಂಪನಿ 1 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆಮೇಲೆ ಬೇರೆ ದೊಡ್ಡ ಕಂಪನಿಗಳೂ ದುಡ್ಡು ಕಟ್ಟಿದವು. ಆ ತನಿಖೆಯಲ್ಲಿ ಹೊರಬಿದ್ದ ವಿವರಗಳು ಒಂದಕ್ಕಿಂತ ಒಂದು ಚೆಂದ. ಸ್ಟೇಷನ್‌ನವರಿಗೆ ಪ್ರವಾಸ, ಎಲೆಕ್ಟ್ರಾನಿಕ್ ಸಾಮಾನು. ಕೇಳುಗರ ಸ್ಪರ್ಧೆಗೆ ಬಹುಮಾನ ಅನ್ನುವ ಹೆಸರಲ್ಲಿ ಉಡುಗೊರೆ. ಕೇಳುಗರ ಸೋಗಿನಲ್ಲಿ ಫೋನ್ ಮಾಡಿ ‘ಆ ಹಾಡು ಹಾಕಿ’ ಅಂತ ಕೋರಲು ಕೂಲಿಯ ಜನ. ನಮ್ಮ ಕೋರಿಕೆ ಕಾರ್ಯಕ್ರಮಕ್ಕೆ ಒಂದೇ ಕೈಬರಹದ ಪೋಸ್ಟ್‌ಕಾರ್ಡ್ ಕಂತೆ ಬಂದಂತೆಯೇ ಇದು. ಇನ್ನೊಂದು, ಕೇಳುವವರಿಲ್ಲದ ರಾತ್ರಿ ಹೊತ್ತಿನ ಜಾಹೀರಾತು ಸಮಯ ಕೊಂಡು ಅದರಲ್ಲಿ ಹಾಡು ಹಾಕಿಸುವುದು. ಎಷ್ಟು ಸಲ ಬಂತು ಅನ್ನುವ ಎಣಿಕೆ ಏರಿ ಚಾರ್ಟ್‌ನಲ್ಲಿ, ಅಂದರೆ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ, ಹಾಡು ಮೇಲಕ್ಕೆ ಹೋಗುತ್ತದೆ. ಈಗ ‘ದಿನಕ್ಕೆ 6 ಪ್ಲೇ’ ಮತ್ತೆ ಓದಿ ನೋಡಿ.

ಒಂದು ವ್ಯತ್ಯಾಸವನ್ನು ನಮ್ಮ ಹುಡುಗರಿಗೆ ಯಾರೂ ಹೇಳುವುದೇ ಇಲ್ಲ. ಅಮೆರಿಕದಲ್ಲಿ ಎಎಂ, ಎಫ್‌ಎಂ ರೇಡಿಯೋ ಹಾಡು ಹಾಕಿದರೆ ಹಾಡು ಬರೆದವರಿಗೆ, ಸಂಗೀತ ಮಾಡಿದವರಿಗೆ ದುಡ್ಡು ಹೋಗುತ್ತದೆ. ಹಾಡಿದವರಿಗೆ, ರೆಕಾರ್ಡ್ ಕಂಪನಿಗೆ ಏನೂ ಇಲ್ಲ. ಹಾಡು ಕೇಳಿಸಿದರೆ ಸಾಕು, ರೆಕಾರ್ಡು ಮಾರಾಟವಾಗುತ್ತದೆ ಅನ್ನುವ ಲೆಕ್ಕ. ನಮ್ಮಲ್ಲಿ ಹಾಗಿಲ್ಲ. ಖಾಸಗಿ ಎಫ್‌ಎಂಗಳು ರೆಕಾರ್ಡಿಂಗ್ ಹಕ್ಕು ಇರುವವರಿಗೂ ಕೊಡಬೇಕು. ಎಷ್ಟು ಕೊಡಬೇಕು ಅಂತ ವರ್ಷಗಟ್ಟಲೆ ಕಿತ್ತಾಡಿದ್ದಾರೆ. ಜಾಹೀರಾತಿನ ನಿವ್ವಳ ಆದಾಯದಲ್ಲಿ ಶೇ. 2 ಅಂತ ಕಾಪಿರೈಟ್ ಬೋರ್ಡ್ ಹೇಳಿದ್ದು 2010ರಲ್ಲಿ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಮಾಡಿದಾಗ, ಪ್ರಸಾರಕ್ಕೆ ಕೊಡಬೇಕಾದ ಹಣದ ಬಗ್ಗೆಯೇ 31ಡಿ ಅನ್ನುವ ಸೆಕ್ಷನ್ ಬಂತು. ಅಂದರೆ ನಿಮ್ಮ ಹಾಡು ಬಂದರೆ ಲೆಕ್ಕದ ಪ್ರಕಾರ ನಿಮಗೇ ಏನಾದರೂ ಬರಬೇಕು. ನಿಮಗೆ ಬರಬೇಕಾದ ಜಾಗದಲ್ಲಿ ನಿಮ್ಮಿಂದಲೇ ಕೀಳುತ್ತಿದ್ದಾರೆ. ಬರುವುದು ಚಿಲ್ಲರೆ ಕಾಸು ಇರಬಹುದು, ಆ ಮಾತು ಬೇರೆ. ಸಾಹಿತ್ಯ, ಸಂಗೀತ ನಿಮ್ಮದೇ ಆಗಿದ್ದರೆ ಐಪಿಆರ್‌ಎಸ್ ಸದಸ್ಯರಾಗಿ, ಹಾಡು ನೋಂದಾಯಿಸಿ. ಹಾಡು ಬರೆದವರ, ಸಂಗೀತ ಮಾಡಿದವರ ರಾಯಧನ ವಸೂಲಿ ಮಾಡಿ ಹಂಚುವ ಸಂಸ್ಥೆ ಅದು. ಇದನ್ನು ಮುಂದೂಡಬೇಡಿ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ಅಮೆರಿಕದ ಹಾಗೆ ಪೇಯೋಲಾಗೆಂದೇ ಒಂದು ಕಾಯ್ದೆ ನಮ್ಮಲ್ಲಿಲ್ಲ. ಹಾಗಂತ ಎಲ್ಲವೂ ನಡೆಯುತ್ತದೆ ಅಂತಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಸರ್ಕಾರಿ ರೇಡಿಯೋ ಅಂದರೆ ವಿಷಯ ಇನ್ನೂ ಗಂಭೀರ. ಅಲ್ಲಿನ ಅಧಿಕಾರಿಗೆ ಕೈಬೆಚ್ಚಗೆ ಮಾಡಿದರೆ ಅದು ನೇರ ಲಂಚ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದಮೇಲೆ ಲಂಚ ಕೊಟ್ಟವನಿಗೂ 7 ವರ್ಷದವರೆಗೆ ಜೈಲು ಆಗಬಹುದು. ‘ಒಳಗೆ ನಮ್ಮವರಿದ್ದಾರೆ, ನೋಡ್ಕೋತೀನಿ’ ಅನ್ನುವವನ ಜೊತೆ ಟೀ ಕೂಡ ಕುಡಿಯಬೇಡಿ.

ಸರಿ, ಹಾಗಾದರೆ ಏನು ಮಾಡಬೇಕು?

ಆಕಾಶವಾಣಿಗೆ ಇರುವ ದಾರಿ ಆಡಿಶನ್. ಹಾಸನ ಆಕಾಶವಾಣಿ ನಮ್ಮೂರಲ್ಲೇ ಇದೆ, ಹೋಗಿ ಕೇಳಿ. ಸುಗಮ ಸಂಗೀತಕ್ಕೋ ಜಾನಪದಕ್ಕೋ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಕರೆದಾಗ ಹಾಡಿ. ಪಾಸಾದರೆ ಬಿ, ಬಿ-ಹೈ ಅಂತ ಗ್ರೇಡ್ ಸಿಗುತ್ತದೆ. ಮೇಲೆ ಎ, ಟಾಪ್ ಇದೆ. ಗ್ರೇಡ್ ಸಿಕ್ಕ ಮೇಲೆ ಕಾರ್ಯಕ್ರಮ ಕೊಟ್ಟರೆ ಅವರೇ ನಿಮಗೆ ಸಂಭಾವನೆ ಕೊಡುತ್ತಾರೆ. ನಿಧಾನದ ದಾರಿ, ಒಪ್ಪುತ್ತೇನೆ. ಆದರೆ ಸ್ಟುಡಿಯೋದಲ್ಲಿ ನಾನು ಆಟೋಟ್ಯೂನ್ ಹಾಕಿ ಸರಿಮಾಡಿದ ಶ್ರುತಿ ಅಲ್ಲಿ ಕೆಲಸಕ್ಕೆ ಬರಲ್ಲ. ಅದಕ್ಕೇ ಕೆಲವರಿಗೆ ಆಡಿಶನ್ ಅಂದರೆ ಆಗದು.

ದುಡ್ಡು ಖರ್ಚು ಮಾಡಲೇಬೇಕು ಅನ್ನುವ ಮನಸ್ಸಿದ್ದರೆ ರಾಜಾರೋಷವಾಗಿ ಜಾಹೀರಾತು ಕೊಡಿ. ಆಕಾಶವಾಣಿಗೂ ದರಪಟ್ಟಿ ಇದೆ, ಖಾಸಗಿ ಎಫ್‌ಎಂಗೂ ಇದೆ. ಸ್ಟೇಷನ್‌ನ ಸೇಲ್ಸ್ ವಿಭಾಗಕ್ಕೆ ನೀವೇ ಫೋನ್ ಮಾಡಿ. ಎಷ್ಟು ಸೆಕೆಂಡಿನ ಸ್ಪಾಟ್ (ಜಾಹೀರಾತಿನ ತುಣುಕು), ಯಾವ ಟೈಮ್ ಬ್ಯಾಂಡ್ (ದಿನದ ಯಾವ ಹೊತ್ತು), ಯಾವ ಊರಿನ ಸ್ಟೇಷನ್ ಅಂತ ಬರಹದಲ್ಲಿ ತಗೊಳ್ಳಿ. ಬಿಲ್ ಸ್ಟೇಷನ್ ಹೆಸರಲ್ಲೋ ಅವರು ಒಪ್ಪಿದ ಏಜೆನ್ಸಿ ಹೆಸರಲ್ಲೋ ಇರಬೇಕು, ಅದರಲ್ಲಿ ಶೇ. 18 ಜಿಎಸ್‌ಟಿ ಕಾಣಬೇಕು. ಮುಗಿದ ಮೇಲೆ ಯಾವ ದಿನ ಎಷ್ಟು ಹೊತ್ತಿಗೆ ಬಂತು ಅನ್ನುವ ಪ್ರಸಾರದ ಸರ್ಟಿಫಿಕೇಟ್ ಕೇಳಿ. ಜಾಹೀರಾತು ಕೊಡುವವರು ದಿನಾ ಕೇಳುವ ಕಾಗದ ಅದು. ನನ್ನ ಕೇಳಿದರೆ, 30 ಸೆಕೆಂಡಿನ ಸ್ಪಾಟ್‌ನಲ್ಲಿ ಪಲ್ಲವಿಯ ಎರಡು ಸಾಲು, ಹಾಡಿನ ಹೆಸರು, ಎಲ್ಲಿ ಸಿಗುತ್ತದೆ ಅನ್ನುವುದು, ಇಷ್ಟು ಸಾಕು.

ಪ್ಯಾಕೇಜ್‌ನವನಿಗೆ ಏನು ಉತ್ತರಿಸಬೇಕು ಅಂತ ಹುಡುಗರು ಕೇಳುತ್ತಾರೆ. ಜಗಳ ಬೇಡ. ಹೀಗೆ ಬರೆಯಿರಿ: ‘ಯಾವ ಸ್ಟೇಷನ್, ಯಾವ ಹೊತ್ತು ತಿಳಿಸಿ. ಸ್ಟೇಷನ್ ಬಿಲ್ ಕೊಡಿ. ಪ್ರಾಯೋಜಿತ ಅಂತ ಹೇಳಿ ಹಾಕ್ತೀರಾ? ಹಣ ಸ್ಟೇಷನ್ ಖಾತೆಗೇ ಹಾಕ್ತೀನಿ.’ ಎರಡು ನೀಲಿ ಗೆರೆ ಬರುತ್ತದೆ, ಉತ್ತರ ಬರುವುದಿಲ್ಲ. ಆಗಲೇ ಅಡ್ವಾನ್ಸ್ ಕೊಟ್ಟು ಕೂತಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಆನ್‌ಲೈನ್ ಹಣದ ಮೋಸಕ್ಕೆ ಇರುವ ಸಹಾಯವಾಣಿ. ಬಿಲ್ ಕೊಟ್ಟೂ ಕೆಲಸ ಮಾಡದಿದ್ದರೆ 1915, ಗ್ರಾಹಕ ಸಹಾಯವಾಣಿ. ಚಾಟ್ ಮಾತ್ರ ಡಿಲೀಟ್ ಮಾಡಬೇಡಿ.

ಹಾಡು ಕೇಳುವ ಆ್ಯಪ್‌ಗಳಲ್ಲೂ ಇದೇ ವ್ಯಾಪಾರ ಇದೆ. ಅಲ್ಲಿ ಒಂದು ಸಲ ಕೇಳಿದರೆ ಒಂದು ಸ್ಟ್ರೀಮ್ ಅಂತ ಲೆಕ್ಕ. ‘ಪ್ಲೇಲಿಸ್ಟ್‌ಗೆ ಸೇರಿಸ್ತೀವಿ, ಲಕ್ಷ ಸ್ಟ್ರೀಮ್ ಗ್ಯಾರಂಟಿ’ ಅಂದರೆ ಅದು ಬಾಟ್, ಅಂದರೆ ಜನ ಕೇಳಿದ ಹಾಗೆ ಸುಳ್ಳು ಲೆಕ್ಕ ತೋರಿಸುವ ಕಂಪ್ಯೂಟರ್ ಪ್ರೋಗ್ರಾಂ. ಸ್ಪಾಟಿಫೈನವರು ನಕಲಿ ಸ್ಟ್ರೀಮ್ ಕಂಡರೆ ಎಣಿಕೆಯಿಂದ ತೆಗೆಯುತ್ತಾರೆ, ಹಾಡನ್ನೇ ಕಿತ್ತುಹಾಕುವುದೂ ಉಂಟು. 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಹಾಡಿಗೆ ಅಲ್ಲಿ ದುಡ್ಡೇ ಹುಟ್ಟುವುದಿಲ್ಲ. ಹೊಸಬರು ಗಾಬರಿಯಾಗಿ ಬಾಟ್ ಕೊಳ್ಳುವುದು ಈ ಸಾವಿರಕ್ಕಾಗಿಯೇ. ಇನ್ನು ಅವರದೇ ‘ಡಿಸ್ಕವರಿ ಮೋಡ್’ ಇದೆ, ನೀವು ಆರಿಸಿದ ಹಾಡನ್ನು ಕೇಳುಗರ ಮುಂದೆ ಹೆಚ್ಚು ತರುವ ವ್ಯವಸ್ಥೆ. ಕೈಯಿಂದ ದುಡ್ಡು ಕೊಡುವುದಿಲ್ಲ, ಆ ದಾರಿಯಲ್ಲಿ ಬಂದ ಸ್ಟ್ರೀಮ್‌ಗಳ ರಾಯಧನದಲ್ಲಿ ಶೇ. 30 ಅವರು ಹಿಡಿದುಕೊಳ್ಳುತ್ತಾರೆ. ಇದೂ ಪೇಯೋಲಾನೇ ಅನ್ನುವವರಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. ‘ಕೇಳುಗರಿಗೆ ಏನಂತ ಹೇಳ್ತೀರಿ?’ ಅನ್ನುವ ಪ್ರಶ್ನೆಯನ್ನೇ ಇಲ್ಲೂ ಕೇಳಿ ನೋಡಿ.

ಖಾಸಗಿ ಎಫ್‌ಎಂ ಇನ್ನೂ ಇಲ್ಲದ 234 ಊರುಗಳಿಗೆ 730 ಚಾನೆಲ್ ಹರಾಜು ಹಾಕಲು ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿತು. ಪಟ್ಟಿಯಲ್ಲಿ ಹಾಸನವೂ ಇದೆ, ಚಿಕ್ಕಮಗಳೂರೂ ಇದೆ. ಊರಿಗೇ ಸ್ಟೇಷನ್ ಬಂದರೆ ಒಳ್ಳೆಯದೇ, ಊರಿನ ಹಾಡು ಬೇಕಾಗುತ್ತದೆ. ದಲ್ಲಾಳಿಗಳು ಸ್ಟೇಷನ್‌ಗಿಂತ ಮೊದಲೇ ಬಂದು ಕೂರುತ್ತಾರೆ, ಅದಕ್ಕೂ ತಯಾರಿರಿ.

ಅಷ್ಟರೊಳಗೆ ನಿಮ್ಮ ಕಡೆಯ ಕೆಲಸ ಸರಿಮಾಡಿಕೊಳ್ಳಿ. ಬೇರೆಯವರ ಕವಿತೆಗೆ ರಾಗ ಹಾಕಿದ್ದರೆ ಅನುಮತಿ ಪತ್ರ ಬೇಕು. ಕವಿ ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. ಕುವೆಂಪು ನಮ್ಮ ಪಕ್ಕದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದವರು, ನಮ್ಮವರೇ, ಸುಮ್ನೆ ಹಾಡಿಬಿಡೋಣ ಅಂದರೆ ಆಗುವುದಿಲ್ಲ. ಅವರು ತೀರಿಕೊಂಡದ್ದು 1994ರಲ್ಲಿ, ಹಕ್ಕು 2054ರ ಕೊನೆಯವರೆಗೆ ಇದೆ. ಹಾಡಿಗೆ ಐಎಸ್‌ಆರ್‌ಸಿ ಅನ್ನುವ 12 ಅಕ್ಷರ-ಅಂಕಿಯ ಗುರುತು ಇರಲಿ, ಆ್ಯಪ್‌ಗಳಿಗೆ ಹಾಡು ಹಾಕುವ ಡಿಸ್ಟ್ರಿಬ್ಯೂಟರ್ ಕೊಡುತ್ತಾನೆ. ಸ್ಟೇಷನ್‌ಗೆ ವೇವ್ ಫೈಲ್ ಕಳಿಸಿ, ವಾಟ್ಸ್ಯಾಪ್‌ನಲ್ಲಿ ಬಂದ ಎಂಪಿ3 ಬೇಡ. ಜೊತೆಗೆ ಹಾಡಿದವರು, ಬರೆದವರು, ಸಂಗೀತ, ಊರು, ಫೋನ್ ನಂಬರ್ ಇರುವ ಆರೇಳು ಸಾಲು. ಮತ್ತೆ ಫೈಲ್‌ಗೆ ಹಾಡಿನ ಹೆಸರು, ನಿಮ್ಮ ಹೆಸರು ಇಡಿ. ‘ಫೈನಲ್ ಮಿಕ್ಸ್ ಹೊಸದು 2’ ಅಂತ ಬಂದ ಫೈಲನ್ನು ನಾನೇ ತೆರೆದು ನೋಡುವುದಿಲ್ಲ, ಇನ್ನು ಅವರು ತೆರೆಯುತ್ತಾರಾ?