ಉಸುಕು ಕಾಗದ, ಮಿಕ್ಸರ್ ಮತ್ತು ನೇಕಾರರ ಬೆರಳು: ಸ್ಪರ್ಶ ಪರೀಕ್ಷೆ ಮಾಡಿದ ಬಗೆ

ಅಂಗೈ ಉಜ್ಜುವ ಸದ್ದನ್ನು ಮೈಕಿನಲ್ಲಿ ಹಿಡಿದು, ಅದರ ಕೀರಲು ಭಾಗವನ್ನು ಏರಿಸಿ ಹೆಡ್‌ಫೋನಿನಲ್ಲಿ ಕೇಳಿಸಿದರೆ ಚರ್ಮ ಒಣಗಿದ ಕಾಗದದಂತೆ ಅನಿಸುತ್ತದೆ. ಫಿನ್ಲೆಂಡಿನ ಸಂಶೋಧಕರಾದ ಯೌಸ್ಮಾಕಿ ಮತ್ತು ಹಾರಿ ಇದನ್ನು 1998ರಲ್ಲಿ ತೋರಿಸಿದರು. 2002ರಲ್ಲಿ ಚಾರ್ಲ್ಸ್ ಸ್ಪೆನ್ಸ್ ಮತ್ತು ಸಂಗಡಿಗರು ಉಸುಕು ಕಾಗದದ (ಸ್ಯಾಂಡ್‌ಪೇಪರ್) ಮೇಲೂ ಇದೇ ಬಗೆಯ ಪರಿಣಾಮ ಕಂಡರು. ಬೆರಳು ಕೊಡುವ ತೀರ್ಪಿನಲ್ಲಿ ಕಿವಿಗೂ ಪಾಲಿದೆ. ಬಟ್ಟೆ ಮುಟ್ಟಿಯೇ ನೂಲಿನ ಗುಣ ಹೇಳುವ ರಬಕವಿ-ಬನಹಟ್ಟಿಯ ನೇಕಾರರೊಂದಿಗೆ ನಾನು ಈ ಪರೀಕ್ಷೆ ಮಾಡುವ ಕ್ರಮ ಇಲ್ಲಿದೆ.

ಮೊದಲು ಬಟ್ಟೆ ಬೇಡ. ಖಣವನ್ನೋ ಇಳಕಲ್ ಸೀರೆಯ ಸೆರಗನ್ನೋ ಕೊಟ್ಟರೆ ನೇಕಾರರು ಮುಟ್ಟಿದ ಕ್ಷಣವೇ ಹೆಸರು ಗುರುತಿಸುತ್ತಾರೆ. ಆಮೇಲೆ ಬರುವ ಉತ್ತರ ನೆನಪಿನದು, ಬೆರಳಿನದಲ್ಲ. ಮೇಲಾಗಿ ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಬಿರುಸನ್ನೇ ಒರಟೆಂದು ಹೇಳಿಬಿಡುತ್ತಾರೆ. ಹಾಗಾಗಿ ಉಸುಕು ಕಾಗದದಿಂದಲೇ ಶುರು ಮಾಡುತ್ತೇನೆ. ಪಿ-80, ಪಿ-120, ಪಿ-180, ಪಿ-220 ದರ್ಜೆಯವು ಸಾಕು, ಅಂಕಿ ಏರಿದಷ್ಟೂ ಕಣ ಸಣ್ಣದು. ಇವುಗಳ ಕಣದ ಸರಾಸರಿ ಗಾತ್ರ ಕ್ರಮವಾಗಿ ಸುಮಾರು 201, 125, 82, 68 ಮೈಕ್ರಾನ್. ಒಂದೇ ಕಂಪನಿಯ ಹಾಳೆಗಳಿರಲಿ, ಹಿಂಬದಿಯ ಕಾಗದದ ದಪ್ಪ ಬದಲಾದರೆ ಬೆರಳಿಗೆ ಗೊತ್ತಾಗುತ್ತದೆ. 10 ಸೆಂ.ಮೀ. ಚೌಕದ ಪ್ಲೈವುಡ್ ತುಂಡಿಗೆ ಪೂರ್ತಿ ಅಂಟಿಸಬೇಕು. ನಡುವೆ ಗಾಳಿ ಉಳಿದರೆ ಸದ್ದೇ ಬೇರೆಯಾಗುತ್ತದೆ.

ತುಂಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತರುತ್ತೇನೆ. ಬೆರಳು ಆಡುವಾಗ ಅಂಕಿ 50ರಿಂದ 100 ಗ್ರಾಂ ಒಳಗಿರಬೇಕು. ಹೆಚ್ಚು ಒತ್ತಿದರೆ ನುಣುಪು ಕಾಗದವೂ ಒರಟಾಗಿ ಕಾಣುತ್ತದೆ. ಮುಂದೆ ರಟ್ಟಿನ ಡಬ್ಬಿ, ಕೈ ಹೋಗುವಷ್ಟು ತೂತು, ಅದಕ್ಕೆ ಕಪ್ಪು ಪರದೆ. ಕಣ್ಣು ಕಟ್ಟುವುದಕ್ಕಿಂತ ಇದು ಮೇಲು, ಕೂತವರು ನಿರಾಳವಾಗಿರುತ್ತಾರೆ.

ಎರಡೆರಡು ತುಂಡುಗಳ ಜೋಡಿಯನ್ನು ಒಂದಾದ ಮೇಲೊಂದರಂತೆ ಮುಟ್ಟಿಸುತ್ತೇನೆ. ಹೇಳುವ ಮಾತು ಎಲ್ಲರಿಗೂ ಒಂದೇ: "ಅಕ್ಕಾರ, ತೋರುಬೆರಳು ಒಂದ ಸಲ ಎಡಕ್ಕ, ಒಂದ ಸಲ ಬಲಕ್ಕ ಆಡಸ್ರಿ. ಒತ್ತಬ್ಯಾಡ್ರಿ. ಮೊದಲಿಂದು ಒರಟ ಐತೋ, ಎರಡನೇದೋ ಹೇಳ್ರಿ." ಬೆರಳು ಆಡಲೇಬೇಕು. ಇಷ್ಟು ಸಣ್ಣ ಕಣಗಳ ಒರಟುತನ ಚರ್ಮಕ್ಕೆ ತಿಳಿಯುವುದು ಮುಖ್ಯವಾಗಿ ಕಂಪನದಿಂದ. ಸುಮ್ಮನೆ ಇಟ್ಟ ಬೆರಳಿಗೆ ಪಿ-180, ಪಿ-220 ಹೆಚ್ಚುಕಡಿಮೆ ಒಂದೇ. "ಗೊತ್ತಾಗಲಿಲ್ರಿ" ಎನ್ನಲು ಬಿಡುವುದಿಲ್ಲ, ಊಹಿಸಿಯಾದರೂ ಒಂದನ್ನು ಹೇಳಬೇಕು. ಆಗ ಏನೂ ತಿಳಿಯದವರ ಸರಿ ಉತ್ತರ ಶೇ. 50ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಶೇ. 75 ದಾಟಿದ ಜೋಡಿಯನ್ನು ಬೆರಳು ಬಿಡಿಸಿ ಹೇಳುತ್ತಿದೆ ಎಂದು ಹಿಡಿಯುತ್ತೇನೆ. ಪ್ರತಿ ಜೋಡಿ ಕನಿಷ್ಠ 20 ಸಲ, ಹಿಂದುಮುಂದು ಕ್ರಮ ಚೀಟಿ ಎತ್ತಿ.

ಪವರ್‌ಲೂಮ್ ಈ ಕೆಲಸಕ್ಕೆ ದೊಡ್ಡ ತೊಡಕು. ಅದರ ಸದ್ದಿಗಿಂತ ನೆಲದಲ್ಲಿ ಹರಿಯುವ ನಡುಕ ಕೆಟ್ಟದ್ದು. ಮೇಜಿನ ಮೂಲಕ ಬೆರಳಿಗೇ ಬಂದು, ನಾವು ಅಳೆಯಬೇಕಾದ ಕಂಪನವನ್ನೇ ಮುಚ್ಚಿಹಾಕುತ್ತದೆ. ಮೇಜಿನ ಕಾಲಡಿ ದಪ್ಪ ಸ್ಪಂಜ್ ಇಟ್ಟರೆ ಸ್ವಲ್ಪ ಕಡಿಮೆಯಾಗುತ್ತದೆ. ಮಗ್ಗ ನಿಂತ ಹೊತ್ತಿನಲ್ಲಿ ಮಾಡುವುದೇ ನನ್ನ ಆಯ್ಕೆ. ತಕ್ಕಡಿಯ ಅಂಕಿ ತಾನಾಗಿ ಕುಣಿಯುತ್ತಿದ್ದರೆ ಆ ಹೊತ್ತಿನ ಉತ್ತರ ಬರೆದುಕೊಳ್ಳಬಾರದು. ಬೇಸಿಗೆಯ ಬೆವರೂ ಹಾಗೇ, ಒದ್ದೆ ಬೆರಳು ಕಾಗದಕ್ಕೆ ತೊಡರುತ್ತದೆ. ಕೈ ತೊಳೆಸಿ, ಒರೆಸಿ, 10 ನಿಮಿಷ ಫ್ಯಾನಿನ ಕೆಳಗೆ ಕೂಡಿಸಬೇಕು.

ಸದ್ದಿನ ಸರದಿ ಆಮೇಲೆ. ಮೈಕು ಕಾಗದದಿಂದ 5-8 ಸೆಂ.ಮೀ. ದೂರ, ಮೇಜಿಗೆ ತಾಗದಂತೆ ಬೇರೆ ಸ್ಟ್ಯಾಂಡಿನಲ್ಲಿ. ಅಲ್ಲಿಂದ ಸೌಂಡ್ ಸರ್ವಿಸ್‌ನವರ ಬಳಿ ಸಿಗುವ, ಸದ್ದನ್ನು ಏರಿಳಿಸುವ ಸಣ್ಣ ಅನಲಾಗ್ ಮಿಕ್ಸರ್, ಅಲ್ಲಿಂದ ಕಿವಿ ಪೂರ್ತಿ ಮುಚ್ಚುವ ವೈರಿನ ಹೆಡ್‌ಫೋನ್. ಬ್ಲೂಟೂತ್ ಬೇಡವೇ ಬೇಡ: ಅದರಲ್ಲಿ ಸದ್ದು 100 ಮಿಲಿಸೆಕೆಂಡಿಗೂ ಹೆಚ್ಚು ತಡವಾಗಬಹುದು, ತಡವಾದ ಸದ್ದನ್ನು ಮಿದುಳು ಬೆರಳಿನ ಜೊತೆ ಜೋಡಿಸುವುದಿಲ್ಲ, ಭ್ರಮೆ ಸಡಿಲಾಗುತ್ತದೆ. ಕೀರಲು ಭಾಗವನ್ನು ಏರಿಳಿಸುವ ಟ್ರೆಬಲ್ ಗುಂಡಿಗೆ ಮೂರೇ ಸ್ಥಾನ: ಇಳಿಸಿದ್ದು, ನಡುವಿನದು, ಏರಿಸಿದ್ದು. ಗುಂಡಿ ತಿರುಗಿಸಿದಾಗ ಒಟ್ಟು ಸದ್ದೂ ಹೆಚ್ಚುಕಡಿಮೆಯಾಗುತ್ತದೆ, ಅದನ್ನು ವಾಲ್ಯೂಮಿನಲ್ಲಿ ಸರಿದೂಗಿಸದಿದ್ದರೆ ಯಾವುದರಿಂದ ಉತ್ತರ ಬದಲಾಯಿತೆಂದು ತಿಳಿಯುವುದಿಲ್ಲ.

ಮೂರು ಸ್ಥಾನಗಳನ್ನು ಬೆರೆಸಿಯೇ ಕೊಡಬೇಕು. ಏರಿಸಿದ್ದನ್ನೇ ಸಾಲಾಗಿ ಕೊಟ್ಟರೆ ಕಿವಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಈ ಹಂತದಲ್ಲಿ ಜೋಡಿ ಬಿಟ್ಟು ಒಂದೊಂದೇ ಕಾಗದ ಕೊಟ್ಟು, ಒರಟೋ ನುಣುಪೋ ಎಂದಷ್ಟೇ ಕೇಳುತ್ತೇನೆ. 60 ಸಲ ಆದ ಮೇಲೆ ವಿಶ್ರಾಂತಿ, ಆಮೇಲೆ ಮುಂದಿನದು. ಒಬ್ಬರು ಮುಗಿಸಿದ ಕೂಡಲೇ ಕಾಗದ ಬದಲಿಸಬೇಕು, ಏಕೆಂದರೆ ಬೆರಳಿನ ಎಣ್ಣೆ ಹತ್ತಿದ ಪಿ-220 ಮುಂದಿನವರಿಗೆ ಬೇರೆಯೇ ಕಾಗದ.