ಹೇಮಾವತಿ ಕಣಿವೆಯ ಊರುಗಳಿಗೆ ಅಪಾಯದ ನಕ್ಷೆ ಸಿದ್ಧಪಡಿಸುವ ಬಗೆ

ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು ಗೊರೂರಿನ ಜಲಾಶಯ ಸೇರುವ ಹೇಮಾವತಿಯ ಕಣಿವೆಯಲ್ಲಿ ಒಂದೇ ಮಳೆ ಎರಡು ಅಪಾಯಗಳನ್ನು ತರುತ್ತದೆ: ತಗ್ಗಿನ ಗದ್ದೆ ಮತ್ತು ಹೊಳೆದಂಡೆಯ ಬೀದಿಗಳಿಗೆ ನೆರೆ, ಇಳಿಜಾರಿನ ಮನೆಗಳಿಗೆ ಧರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕುಸಿತ. ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತಿಸಬೇಕು. ಇಲ್ಲವಾದರೆ ನೀರಿಗೆ ಹೆದರಿ ಮೇಲೆ ಹತ್ತಿದವರು ಕುಸಿಯಲಿರುವ ಧರೆಯ ಬುಡದಲ್ಲೇ ಹೋಗಿ ನಿಲ್ಲಬಹುದು.

ತಳನಕ್ಷೆಗೆ ಸರ್ವೆ ಆಫ್ ಇಂಡಿಯಾದ ಹಾಳೆ, ಇಸ್ರೋದ ಭುವನ್ ತಾಣದ ಎತ್ತರದ ದತ್ತಾಂಶ ಮತ್ತು ನಕ್ಷೆ ತಯಾರಿಸುವ ಉಚಿತವಾದ ಕ್ಯೂಜಿಐಎಸ್ ತಂತ್ರಾಂಶ ಸಾಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕುಸಿತ ಸಾಧ್ಯತೆಯ ನಕ್ಷೆಯನ್ನೂ ಇದರ ಮೇಲೆ ಹಾಸಿಕೊಳ್ಳಬಹುದು. ಆದರೆ ಆ ನಕ್ಷೆಯ 1:50,000 ಪ್ರಮಾಣದಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಮನೆಯ ಹಿಂದೆ ನೆಟ್ಟಗೆ ಕಡಿದ ಧರೆ ಅದರಲ್ಲಿ ಕಾಣುವುದಿಲ್ಲ.

ಆದ್ದರಿಂದ ಮುಂಗಾರಿಗೆ ಮೊದಲೇ ಕಣಿವೆಯನ್ನು ನಡೆದು ನೋಡಬೇಕು. ರಸ್ತೆಗಾಗಿ ಕಡಿದ ಗುಡ್ಡ, ಮಣ್ಣು ತುಂಬಿ ಮುಚ್ಚಿದ ಹಳ್ಳ, ಇಳಿಜಾರಿನ ನೆತ್ತಿಯಲ್ಲಿ ತೋಡಿದ ಹೊಂಡ, ನೆಲದ ಬಿರುಕು, ವಾಲಿದ ಕಂಬ ಇವೆಲ್ಲವನ್ನೂ ಮೊಬೈಲಿನ ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳಿ. 2019ರ ಆಗಸ್ಟ್‌ನಲ್ಲಿ ಕುಸಿತ ಕಂಡ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಂತಹ ಹಳೆಯ ಗಾಯಗಳನ್ನು ತಪ್ಪದೆ ಸೇರಿಸಿ, ಏಕೆಂದರೆ ಒಮ್ಮೆ ಜಾರಿದ ಇಳಿಜಾರು ಮತ್ತೆ ಜಾರುವ ಸಾಧ್ಯತೆ ಹೆಚ್ಚು. ನೆರೆಯ ಮಟ್ಟಕ್ಕೆ ಹಿರಿಯರನ್ನೇ ಕೇಳಬೇಕು. ಅವರಿಗೆ ಇಸವಿ ಮರೆತಿರಬಹುದು, ನೀರು ಎಷ್ಟನೆಯ ಮೆಟ್ಟಿಲಿಗೆ ಬಂದಿತ್ತೆಂಬುದು ಮರೆತಿರುವುದಿಲ್ಲ. ಇಬ್ಬರ ಮಾತು ತಾಳೆಯಾದರೆ ಆ ಎತ್ತರವನ್ನು ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ಇಸವಿಯನ್ನು ಕಾಫಿ ತೋಟಗಳ ಮಳೆ ಪುಸ್ತಕ ಹೇಳುತ್ತದೆ. ದಿನದಿನದ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುವ ಆ ಪುಸ್ತಕಗಳಷ್ಟು ಬೆಲೆಬಾಳುವ ದಾಖಲೆ ಮಲೆನಾಡಿನಲ್ಲಿ ಬೇರೆ ಇರಲಾರದು. ಅದರಲ್ಲಿ ಒಂದು ದಿನದ ಮಳೆಗಿಂತ ಕುಸಿತಕ್ಕೆ ಹಿಂದಿನ ನಾಲ್ಕೈದು ದಿನಗಳ ಒಟ್ಟು ಮಳೆಯನ್ನು ಕೂಡಿ ನೋಡಿ. ನೀರು ಕುಡಿದು ಭಾರವಾದ ಮಣ್ಣೇ ಜಾರುವುದು.

ಇಷ್ಟಾದರೂ ಅದು ನೆಲದ ನಕ್ಷೆಯಷ್ಟೇ. ಜನರನ್ನು ಸೇರಿಸಿದಾಗ ಮಾತ್ರ ಅಪಾಯದ ನಕ್ಷೆಯಾಗುತ್ತದೆ. ಮತದಾರರ ಪಟ್ಟಿಯನ್ನು ನಂಬಿದರೆ ಹೊರರಾಜ್ಯದ ಕೂಲಿಯವರಿರುವ, ತೋಟದ ಸಾಲುಮನೆಗಳಾದ ಲೈನ್ ಮನೆಗಳು ಖಾಲಿಯೆಂದೇ ಕಾಣುತ್ತವೆ, ಹಾಗಾಗಿ ತಲೆ ಎಣಿಕೆಯನ್ನು ಮನೆ ಬಾಗಿಲಲ್ಲೇ ಮಾಡಬೇಕು. ಹಾಸಿಗೆ ಹಿಡಿದವರು, ಬಸುರಿಯರು ಇರುವ ಮನೆಗೆ ಪ್ರತ್ಯೇಕ ಚಿಹ್ನೆ ಇರಲಿ. ಹಳ್ಳ ದಾಟುವ ಕಿರುಸೇತುವೆಯಾದ ಕಾಲುಸಂಕವೊಂದೇ ದಾರಿಯಾಗಿರುವ ಹಾಡಿಗೆ (ಕಾಡಂಚಿನ ಕೇರಿಗೆ) ನೀರೂ ಬರದೆ, ಧರೆಯೂ ಕುಸಿಯದೆ ಇರಬಹುದು. ಸಂಕ ಕೊಚ್ಚಿಹೋದರೆ ಅದು ದ್ವೀಪವಾಗುವುದರಿಂದ ಅದಕ್ಕೆ ಮೂರನೆಯ ಬಣ್ಣ ಬೇಕು.

ಕರಡನ್ನು ಗ್ರಾಮಸಭೆಯಲ್ಲಿ ಹರಡಿ ತಿದ್ದಿಸಿಕೊಳ್ಳಿ. ಕೊನೆಗೆ, ಕಾಳಜಿ ಕೇಂದ್ರವೆಂದು (ಸಂತ್ರಸ್ತರು ತಂಗುವ ತಾಣ) ಗೊತ್ತುಮಾಡಿರುವ ಶಾಲೆಗೆ ಪ್ರತಿ ಕೇರಿಯಿಂದಲೂ ಬೆರಳಿಟ್ಟು ದಾರಿ ಎಳೆದು ನೋಡಿ. ಆ ಗೆರೆ ಬಣ್ಣ ಹಚ್ಚಿದ ಜಾಗವನ್ನು ದಾಟಿದರೆ ಆ ಕೇರಿಗೆ ಬೇರೆ ಶಾಲೆಯನ್ನು ಹುಡುಕಬೇಕು.