ಸ್ವಾಲ್‌ಬಾರ್ಡ್‌ನಲ್ಲಿ ಒಂದು ಸೆಮಿಸ್ಟರ್: ಚಳಿಗಿಂತ ಮೊದಲು ವೀಸಾ

ಉತ್ತರ ಧ್ರುವ ಪ್ರದೇಶದಲ್ಲಿ ಓದಲು ಪರ್ವತಾರೋಹಿಯಾಗಿರಬೇಕಿಲ್ಲ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ, 78 ಡಿಗ್ರಿ ಉತ್ತರ ಅಕ್ಷಾಂಶದ ಲಾಂಗ್‌ಇಯರ್‌ಬೀನ್‌ನಲ್ಲಿ, ಯೂನಿಸ್ ಎಂಬ ವಿಶ್ವವಿದ್ಯಾಲಯ ಕೇಂದ್ರ 1993ರಿಂದ ಇದೆ. ಜೀವವಿಜ್ಞಾನ, ಭೂವಿಜ್ಞಾನ, ಭೂಭೌತವಿಜ್ಞಾನ, ತಂತ್ರಜ್ಞಾನ ಎಂಬ ನಾಲ್ಕು ವಿಭಾಗಗಳು; ಪಾಠ ಇಂಗ್ಲಿಷಿನಲ್ಲಿ. ಅದು ತಾನಾಗಿ ಪದವಿ ಕೊಡುವುದಿಲ್ಲ. ಹಾಗಾಗಿ ಅಲ್ಲಿ ಗಳಿಸಿದ ಕ್ರೆಡಿಟ್ ಇಲ್ಲಿ ಲೆಕ್ಕಕ್ಕೆ ಬರುತ್ತದೆಂದು ನಿಮ್ಮ ಕಾಲೇಜಿನಿಂದ ಮೊದಲೇ ಬರಹದಲ್ಲಿ ಪಡೆಯಿರಿ.

ಅರ್ಜಿಯ ಗಡುವು: ಶರತ್ಕಾಲದ ಸೆಮಿಸ್ಟರಿಗೆ ಏಪ್ರಿಲ್ 15, ವಸಂತಕ್ಕೆ ಅಕ್ಟೋಬರ್ 15. ಅಂಕಪಟ್ಟಿಯಲ್ಲಿ ‘ಪೇಪರ್ 5’ ಎಂದಷ್ಟೇ ಇದ್ದರೆ ನೀವೇನು ಓದಿದ್ದೀರೆಂದು ಅಲ್ಲಿಯವರಿಗೆ ತಿಳಿಯುವುದಿಲ್ಲ. ಪ್ರತಿ ವಿಷಯದ ಪಠ್ಯಕ್ರಮ, ಪ್ರಯೋಗಾಲಯದ ಗಂಟೆಗಳ ವಿವರ ಲಗತ್ತಿಸಿ.

ಆಮೇಲೆ ವೀಸಾ. ಎಡವುವುದು ಹೆಚ್ಚಾಗಿ ಇಲ್ಲೇ. 1920ರ ಸ್ವಾಲ್‌ಬಾರ್ಡ್ ಒಪ್ಪಂದದ ದೆಸೆಯಿಂದ ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡ, ಅದು ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಹೊರಗಿದೆ. ಆದರೆ ವಿಮಾನ ನಾರ್ವೆ ಮುಖ್ಯಭೂಮಿಯ ಓಸ್ಲೋ ಅಥವಾ ಟ್ರೊಮ್ಸೊ ಮೂಲಕವೇ ಹೋಗಬೇಕು, ಅವು ಷೆಂಗೆನ್ ಒಳಗಿವೆ. ಅಂದರೆ ಹೋಗುವಾಗ ಒಂದು ಪ್ರವೇಶ, ಬರುವಾಗ ಇನ್ನೊಂದು. ಒಂದೇ ಪ್ರವೇಶದ ವೀಸಾ ಇದ್ದರೆ ದ್ವೀಪಕ್ಕೇನೋ ತಲುಪುತ್ತೀರಿ, ಮರಳುವ ದಾರಿ ಮುಚ್ಚಿರುತ್ತದೆ. ಎರಡು ಅಥವಾ ಬಹುಪ್ರವೇಶದ ವೀಸಾ ಕೇಳಿ. ಸೆಮಿಸ್ಟರ್ ಮುಗಿದು ಮರಳುವ ದಿನವೂ ಅದರ ಅವಧಿಯೊಳಗೆ ಬರಬೇಕು. ನಾರ್ವೆ ಮುಖ್ಯಭೂಮಿಯಲ್ಲಿ ಹೋಗುವಾಗ ಎಷ್ಟು ದಿನ, ಬರುವಾಗ ಎಷ್ಟು ದಿನ ಇರುತ್ತೀರೆಂದು ಅರ್ಜಿಯ ಜೊತೆಗಿನ ಪತ್ರದಲ್ಲಿ ಬಿಡಿಸಿ ಬರೆಯಿರಿ. ಪಾಸ್‌ಪೋರ್ಟ್ ಕೈಸೇರಿದ ಕೂಡಲೇ ಸ್ಟಿಕರ್ ನೋಡಿ: ಪ್ರವೇಶದ ಕಲಂನಲ್ಲಿ 01 ಅಂತಿದ್ದರೆ ಟಿಕೆಟ್ ಕೊಳ್ಳುವ ಮೊದಲೇ ಸರಿಪಡಿಸಿಕೊಳ್ಳಿ. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಅದು ಸ್ವಾಲ್‌ಬಾರ್ಡ್‌ಗೂ, ತುರ್ತು ವಿಮಾನ ಸಾಗಣೆಗೂ ಅನ್ವಯಿಸುತ್ತದೆಯೇ ನೋಡಿ. ಅಲ್ಲಿನ ಆಸ್ಪತ್ರೆ ಚಿಕ್ಕದು, ಗಂಭೀರ ರೋಗಿಗಳನ್ನು ಟ್ರೊಮ್ಸೊಗೆ ಕಳಿಸುತ್ತಾರೆ.

ಬಟ್ಟೆಯ ವಿಷಯದಲ್ಲಿ ಹತ್ತಿಯನ್ನು ಮರೆತುಬಿಡಿ. ಬೆವರಿನಿಂದ ಒದ್ದೆಯಾದ ಹತ್ತಿ ಬೇಗ ಒಣಗುವುದಿಲ್ಲ, ಮೈಯ ಶಾಖವನ್ನೆಲ್ಲ ಹೀರುತ್ತದೆ. ಮೆರಿನೊ ಉಣ್ಣೆಯ ಒಳಉಡುಪು ಎರಡು ಜೊತೆ, ಉಣ್ಣೆಯ ಕಾಲುಚೀಲ ನಾಲ್ಕು ಜೊತೆ ಸಾಕು. ಬೂಟು ಒಂದು ಸೈಜ್ ದೊಡ್ಡದಿರಲಿ: ಬಿಗಿಯಾದರೆ ರಕ್ತಸಂಚಾರ ಕುಂದಿ ಬೆರಳು ಮರಗಟ್ಟುತ್ತದೆ. ಕ್ಯಾಮೆರಾವನ್ನು ಹೊರಗಿನಿಂದ ಒಳಗೆ ತರುವ ಮುನ್ನ ಗಾಳಿಯಾಡದ ಚೀಲಕ್ಕೆ ಹಾಕಿ, ಇಲ್ಲದಿದ್ದರೆ ಲೆನ್ಸ್ ಮೇಲೆ ನೀರು ಕೂರುತ್ತದೆ. ಸಾರಿನ ಪುಡಿ ಒಯ್ಯಿರಿ, ತರಕಾರಿ ದುಬಾರಿ. ಮನೆಯೊಳಗೆ ಹಾಕಲು ಚಪ್ಪಲಿಯೂ ಇರಲಿ: ಊರು ಕಲ್ಲಿದ್ದಲು ಗಣಿಯದಾಗಿದ್ದ ಕಾಲದ ಪದ್ಧತಿಯಂತೆ ಅನೇಕ ಕಟ್ಟಡಗಳಲ್ಲಿ ಬೂಟನ್ನು ಬಾಗಿಲಲ್ಲೇ ಬಿಡುತ್ತಾರೆ.

ಮೊದಲ ವಾರವೇ ಸುರಕ್ಷತಾ ತರಬೇತಿ. ರೈಫಲ್ ಹಿಡಿಯುವುದು, ಹಿಮಕುಸಿತದಲ್ಲಿ ಸಿಕ್ಕವರನ್ನು ಹುಡುಕುವುದು, ತಣ್ಣೀರಿಗೆ ಬಿದ್ದರೆ ಏನು ಮಾಡುವುದು ಎಲ್ಲ ಅಲ್ಲೇ ಕಲಿಸುತ್ತಾರೆ. ಹಿಮಕರಡಿಯ ಭಯದಿಂದ ಊರಾಚೆ ನಿರಾಯುಧರಾಗಿ ಹೋಗುವ ರೂಢಿಯಿಲ್ಲ, ಒಬ್ಬರೇ ಹೋಗುವುದಂತೂ ಬೇಡ.

ಪಿಎಚ್‌ಡಿ ಮಾಡುವವರಿಗೆ ಇನ್ನೊಂದು ದಾರಿಯಿದೆ. ಇದೇ ದ್ವೀಪಸಮೂಹದ ನಿ-ಓಲೆಸುಂಡ್‌ನಲ್ಲಿ ಭಾರತದ ಹಿಮಾದ್ರಿ ನಿಲ್ದಾಣ 2008ರಲ್ಲಿ ತೆರೆಯಿತು. ಅದಕ್ಕೆ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಸಂಶೋಧನಾ ಪ್ರಸ್ತಾವ ಕರೆದಾಗ ನಿಮ್ಮ ಮಾರ್ಗದರ್ಶಕರ ಮೂಲಕ ಸಲ್ಲಿಸಬೇಕು.